ಇನ್ನೊಬ್ಬರ ಕುದುರೆಯ ಹೊಟ್ಟೆಪಟ್ಟಿ

ನೆವಿಲ್ ಹಾರಿಗನ್ ತನ್ನ ಕುದುರೆಗೆ ಜೀನು ಬಿಗಿದಾದ ಮೇಲೆ ಹತ್ತಲಿಲ್ಲ. ಲಗಾಮು ಹಿಡಿದು ಸುಮ್ಮನೆ ಒಂದು ಸುತ್ತು ನಡೆಸಿದ. ಟೋಪಿ ಎಲ್ಲೋ ಬಿದ್ದಿದೆ, ಹುಡುಕುತ್ತಿದ್ದೇನೆ ಎನ್ನುವ ಹಾಗೆ ನೆಲ ನೋಡುತ್ತ ನಡೆದ. ಟೋಪಿ ಅವನ ತಲೆಯ ಮೇಲೇ ಇತ್ತು.

ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ಉಳಿದ ಜನ ಆಚೆ ಮರ ಕಡಿಯುವ ಪಂದ್ಯ ನೋಡುತ್ತಿದ್ದರು, ಇಲ್ಲವೇ ಸಾಸೇಜಿನ ಸಾಲಿನಲ್ಲಿ ನಿಂತಿದ್ದರು.

ನಮ್ಮ ಮೆರ್ರಿಬಾ ಊರಿನ ದನ-ಕುದುರೆ ಪ್ರದರ್ಶನದ ಎರಡನೇ ದಿನ. ಕಣದಲ್ಲಿ ನಡೆಯುತ್ತಿದ್ದದ್ದು ನಮ್ಮ ಕಡೆಯೇ ಹುಟ್ಟಿದ ದನಗಾಹಿ ಕುದುರೆಗಳ ಸ್ಪರ್ಧೆ, ಹವ್ಯಾಸಿ ಸವಾರರಿಗೆ ಮಾತ್ರ. ಕುದುರೆ ಈ ಮೂರು ಕಣಿವೆಗಳೊಳಗೆ ಹುಟ್ಟಿರಬೇಕು, ಸವಾರ ಯಾವತ್ತೂ ಕೂಲಿಗೆ ಕುದುರೆ ಪಳಗಿಸಿರಬಾರದು. ಹಾಗಾಗಿ ಕಣಕ್ಕಿಳಿಯುವ ಕುದುರೆಗಳೆಲ್ಲ ದಾಯಾದಿಗಳು. ಯಾವುದರ ಅಜ್ಜಿ ಯಾವುದು ಎಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮನುಷ್ಯರ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲು ಆಗುವುದಿಲ್ಲ.

ಈ ಸಲದ ತೀರ್ಪುಗಾರ್ತಿ ಹೊರಗಿನವರು, ಮಿಸೆಸ್ ಓಲ್ಡ್‌ಫೀಲ್ಡ್ ಎಂದು. ಹಳೇ ಪದ್ಧತಿಯ ಹೆಂಗಸು. ಕುದುರೆಗಳನ್ನು ನಡೆಸಿ, ಓಡಿಸಿ, ಒಂದೊಂದು ಹೋರಿಯನ್ನು ತಿರುಗಿಸಿ ತರಲು ಹೇಳಿ, ಅಷ್ಟಕ್ಕೇ ಬಿಡದೆ ಎಲ್ಲರ ಜೀನನ್ನೂ ಇಳಿಸಿದರು. ಬರಿಮೈ ಕುದುರೆಯ ಬೆನ್ನು, ಭುಜ, ಕಾಲು ನೋಡಬೇಕಂತೆ. ನಮ್ಮಲ್ಲಿ ಅದು ನಿಂತು ಎಷ್ಟೋ ವರ್ಷವಾಗಿತ್ತು. ನೋಡಿಯಾದ ಮೇಲೆ ಮತ್ತೆ ಜೀನು ಹಾಕಿ ಹತ್ತಿ ಎಂದರು. ಎಲ್ಲರೂ ಹಾಕಿದರು, ಹತ್ತಿದರು. ನನ್ನ ಮಗಳು ಟೆಸ್ಸಾ ಎಲ್ಲರಿಗಿಂತ ಮೊದಲು ತನ್ನ ಕುದುರೆ ಬಿಸ್ಕಿಟ್ ಮೇಲೆ ಕೂತಿದ್ದಳು. ನೆವಿಲ್ ಮಾತ್ರ ತಲೆಯ ಮೇಲಿದ್ದ ಟೋಪಿ ಹುಡುಕುತ್ತಿದ್ದ.

"ನೋಡಿದ್ಯಾ?" ಎಂದೆ.

"ಏನನ್ನ?" ನನ್ನ ಗಂಡ ಕ್ಲೆಮ್ ಮಡಿಚುವ ಕುರ್ಚಿಯಲ್ಲಿ ಕೂತು ಮಾಂಸದ ಪೈ ತಿನ್ನುತ್ತಿದ್ದ. ಊರುಗೋಲು ಬೇಲಿಗೆ ಒರಗಿತ್ತು.

"ನೆವಿಲ್ ಹತ್ತೋಕ್ ಮುಂಚೆ ಕುದುರೆ ನಡೆಸ್ದ."

"ಐವತ್ತೈದಾಯ್ತು ಅವನಿಗೆ. ಸೊಂಟ ಹಿಡ್ಕೊಂಡಿರತ್ತೆ, ಪಾಪ. ನಾನು ಕಾರಿಂದ ಇಳಿಯೋದು ನೋಡಿದೀಯಲ್ಲ, ಅರ್ಧ ದಿನ ಬೇಕು."

"ಅದು ಮ್ಯಾಗ್ಪೈ ಮಗ, ಕ್ಲೆಮ್."

ಅವನು ತಿನ್ನುವುದನ್ನು ನಿಲ್ಲಿಸಲಿಲ್ಲ. ಅಗಿಯುವುದು ಮಾತ್ರ ನಿಧಾನವಾಯಿತು.

ಮ್ಯಾಗ್ಪೈ ನಮ್ಮ ಹೆಣ್ಣುಕುದುರೆ. ಒಂಬತ್ತು ವರ್ಷದ ಹಿಂದೆ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ, ಕ್ಲೆಮ್ ಅದಕ್ಕೆ ಜೀನು ಹಾಕಿ, ಅದನ್ನು ಹಿಡಿದಿಡುವ ಹೊಟ್ಟೆಪಟ್ಟಿ ಬಿಗಿದ. ಬುದ್ಧಿ ಇರುವ ಯಾವ ಸವಾರನೂ ಮಾಡುವ ಹಾಗೆ ಹತ್ತುವ ಮುಂಚೆ ಪಟ್ಟಿಯನ್ನು ಇನ್ನೊಂದು ತೂತಿನಷ್ಟು ಎಳೆದ. ಕುದುರೆ ಕಲ್ಲಿನ ಹಾಗೆ ನಿಂತಿತ್ತು. ಒದೆಯಲಿಲ್ಲ, ಕಚ್ಚಲಿಲ್ಲ, ಕಿವಿ ಹಿಂದಕ್ಕೆ ಹಾಕಲೂ ಇಲ್ಲ. ಅವನು ಕಾಲು ದಾಟಿಸಿ ಕೂತ ಗಳಿಗೆಗೆ ನೆಟ್ಟಗೆ ಮೇಲೆದ್ದು ಬೆನ್ನಡಿಯಾಗಿ ಬಿತ್ತು. ಕ್ಲೆಮ್ ಕೆಳಗಿದ್ದ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಬೀಳುವಾಗ ಅವನು ಕೂಗಿರಲಿಲ್ಲ. ಇವತ್ತಿಗೂ ನನ್ನ ಕಿವಿಯಲ್ಲಿರುವುದು ಆ ಕೂಗಿಲ್ಲದ್ದೇ.

ಕೆಲವು ಕುದುರೆಗಳು ಹಾಗೆ. ಸಿಟ್ಟಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ಪಟ್ಟಿ ಎಳೆದ ಕೂಡಲೇ ಒಳಗೆ ಗಾಬರಿಯಾಗಿ ಉಸಿರು ಕಟ್ಟಿಕೊಳ್ಳುತ್ತವೆ, ಮೈಯೆಲ್ಲ ಗಡಿಗೆಯ ಹಾಗೆ ಬಿಗಿಯಾಗುತ್ತದೆ. ನಾಲ್ಕು ಹೆಜ್ಜೆ ನಡೆಸಿದರೆ ಆ ಉಸಿರು ಹೊರಗೆ ಬಂದುಬಿಡುತ್ತದೆ, ಆಮೇಲೆ ಮಗುವನ್ನು ಬೇಕಾದರೂ ಕೂರಿಸಬಹುದು. ನಡೆಸದೆ ಹತ್ತಿದರೆ ಹತ್ತಿದವರ ಗತಿ ಅಷ್ಟೇ.

ಮ್ಯಾಗ್ಪೈಯನ್ನು ನೆವಿಲ್‌ನ ಅಪ್ಪನಿಗೆ ಕೊಟ್ಟೆವು. ಎಲ್ಲವನ್ನೂ ಹೇಳಿಯೇ ಕೊಟ್ಟೆವು, ಮರಿ ಹಾಕಿಸಿ, ಹತ್ತಬೇಡಿ ಎಂದು. ಮುದುಕ ಈಗಿಲ್ಲ. ಮಗನಿಗೆ ಎಷ್ಟು ಹೇಳಿದ್ದನೋ ಗೊತ್ತಿಲ್ಲ. ಆ ಹೊಟ್ಟೆಯಲ್ಲಿ ಹುಟ್ಟಿದ ಬೂದು ಕುದುರೆಗೆ ಫ್ಲಿಂಟ್ ಎಂದು ಹೆಸರಿಟ್ಟು, ಬೀಜ ಒಡೆಸಿ, ನೆವಿಲ್ ತಾನೇ ಪಳಗಿಸಿದ. ಪ್ರತಿವರ್ಷ ಪ್ರದರ್ಶನದಲ್ಲಿ ಅದನ್ನು ನಾನು ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಅವನು ಮನೆಯಿಂದಲೇ ಹತ್ತಿಕೊಂಡು ಬರುತ್ತಿದ್ದ, ಇಳಿಯದೆ ಹೋಗುತ್ತಿದ್ದ. ಪಟ್ಟಿ ಬಿಗಿಯುವುದಿದ್ದರೂ ಮೇಲೆ ಕೂತೇ, ನಡೆಸುತ್ತಲೇ. ಚೆಂದದ ಸವಾರ ಎಂದುಕೊಂಡಿದ್ದೆ.

"ರಕ್ತ ಅನ್ನೋದೆಲ್ಲ ಸುಳ್ಳು ಬರ್ನಿ," ಎಂದ ಕ್ಲೆಮ್. "ಕೈ ಒಳ್ಳೇದಿದ್ರೆ ಕುದುರೆ ಒಳ್ಳೇದು. ನಾಲ್ಕು ವರ್ಷದಿಂದ ಹತ್ತುತಾ ಇದಾನೆ ಅವನು. ಸತ್ತಿದಾನಾ?"

"ಸತ್ತಿಲ್ಲ."

"ಮತ್ತೆ? ಅವನ ಕುದುರೆ, ಅವನ ಬೆನ್ನು. ನಮ್ಮ ಹುಡುಗಿ ಬಿಸ್ಕಿಟ್ ಮೇಲಿದಾಳೆ. ಆ ಬಿಸ್ಕಿಟ್ಟೋ, ಕೂತಲ್ಲೇ ನಿದ್ದೆ ಹೊಡೆಯೋ ಜಾತಿ. ಟೀ ಕೊಡು."

ಟೀ ಕೊಟ್ಟೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಧ್ವನಿವರ್ಧಕ ಗೊರಗೊರ ಅಂದಿತು. ಕಣದ ಉಸ್ತುವಾರಿ ಡಲ್ಸಿಯದು. ಮೇವಿನ ಅಂಗಡಿಯ ಡಲ್ಸಿಗೆ ಧ್ವನಿವರ್ಧಕದ ಅಗತ್ಯವೇ ಇಲ್ಲ, ಆದರೂ ಕೊಟ್ಟಿರುತ್ತಾರೆ. ತೀರ್ಪುಗಾರ್ತಿ ಇಬ್ಬರನ್ನು ಮುಂದೆ ಕರೆದಿದ್ದಾರೆ, ಟೆಸ್ಸಾ ಮತ್ತು ನೆವಿಲ್. ಇಬ್ಬರಲ್ಲಿ ಒಬ್ಬರಿಗೆ ನೀಲಿ ರಿಬ್ಬನ್, ಮತ್ತು ನಮ್ಮ ಜಿಲ್ಲೆಯ ಹೆಸರಿನಲ್ಲಿ ಸಿಡ್ನಿಯ ದೊಡ್ಡ ಪ್ರದರ್ಶನಕ್ಕೆ ಹೋಗುವ ಅವಕಾಶ. ಟೆಸ್ಸಾ ಹೋದ ವರ್ಷ ಎರಡನೆಯವಳು, ಅದರ ಹಿಂದಿನ ವರ್ಷ ಮೂರನೆಯವಳು. ಬಿಸ್ಕಿಟ್ ಹುಟ್ಟಿದಾಗ ಮುಂಗಾಲು ಸೊಟ್ಟಗಿತ್ತು. ಗುಂಡು ಹೊಡೆಯೋಣ ಎಂದ ಅಪ್ಪನ ಜೊತೆ ಮಾತು ಬಿಟ್ಟು ದಿನವೂ ಪಟ್ಟಿ ಕಟ್ಟಿ ಕಾಲು ನೆಟ್ಟಗೆ ಮಾಡಿದವಳು ಅವಳು. ಹದಿನೇಳು ವರ್ಷದ ಹುಡುಗಿಗೆ ಬೇಕಾಗಿದ್ದದ್ದು ಇದೊಂದೇ.

ಮಿಸೆಸ್ ಓಲ್ಡ್‌ಫೀಲ್ಡ್ ಡಲ್ಸಿಯ ಕಿವಿಯಲ್ಲಿ ಏನೋ ಹೇಳಿದರು.

"ಇಬ್ಬರೂ ಇಳಿದು ಕುದುರೆ ಬದಲಾಯಿಸ್ಕೊಳ್ಳಿ," ಎಂದಿತು ಧ್ವನಿವರ್ಧಕ. "ಒಬ್ಬರ ಕುದುರೆ ಇನ್ನೊಬ್ಬರು ಹತ್ತಿ ತೋರಿಸ್ಬೇಕಂತೆ."

ಕ್ಲೆಮ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಕುದುರೆ ಬದಲಾಯಿಸುವುದು ಹೊಸದೇನಲ್ಲ. ಸವಾರ ಒಳ್ಳೆಯವನೋ ಕುದುರೆ ಒಳ್ಳೆಯದೋ ಎಂದು ಬೇರೆ ಮಾಡಲು ಹಿಂದಿನಿಂದ ಬಂದ ದಾರಿ ಅದು. ಜೀನು ಕುದುರೆಯ ಮೇಲೇ ಇರುತ್ತದೆ, ಸವಾರರು ಮಾತ್ರ ಬದಲಾಗುತ್ತಾರೆ. ಇಳಿದವರು ಮರ್ಯಾದೆಗೆ ಪಟ್ಟಿಯನ್ನು ಎರಡು ತೂತು ಸಡಿಲ ಮಾಡಿ ಕೊಡುತ್ತಾರೆ. ಹತ್ತುವವರು ಮತ್ತೆ ಬಿಗಿದುಕೊಳ್ಳುತ್ತಾರೆ.

ಟೆಸ್ಸಾ ಇಳಿದಳು, ಬಿಸ್ಕಿಟ್‌ನ ಪಟ್ಟಿ ಸಡಿಲಿಸಿದಳು. ನೆವಿಲ್ ಇಳಿದ. ಅವನು ಸಡಿಲಿಸಲಿಲ್ಲ.

ಮತ್ತೆ ಯಾರೂ ಬಿಗಿಯಬಾರದು ಎಂದೇ ಹಾಗೆ ಬಿಟ್ಟಿದ್ದ. ಅಲ್ಲಿಗೆ ನನಗೆ ಉಳಿದಿದ್ದ ಅನುಮಾನವೂ ಹೋಯಿತು.

ಅವನು ಲಗಾಮು ಕೊಡುತ್ತ ಟೆಸ್ಸಾಗೆ ಏನೋ ಹೇಳಿದ. ಅವಳು ಮರ್ಯಾದೆ ಬಲ್ಲ ಹುಡುಗಿಯ ಹಾಗೆ ತಲೆಯಾಡಿಸಿದಳು. ಅವನು ಹೇಳಿದ್ದು ಆಮೇಲೆ ತಿಳಿಯಿತು, "ಪಟ್ಟಿ ಸರಿಯಾಗಿದೆ, ಹಾಗೇ ಹತ್ತು" ಎಂದಷ್ಟೇ. ಯಾಕೆ ಎಂದು ಹೇಳಿರಲಿಲ್ಲ. ಪಕ್ಕದಲ್ಲೇ ತೀರ್ಪುಗಾರ್ತಿ ನಿಂತಿದ್ದರು.

ಆದರೆ ನನ್ನ ಮಗಳು ಹಾಗೇ ಹತ್ತುವವಳಲ್ಲ. ಇನ್ನೊಬ್ಬರು ಬಿಗಿದ ಪಟ್ಟಿಯನ್ನು ನಂಬಬೇಡ, ನಿನ್ನ ಬೆರಳು ತೂರಿಸಿ ನೋಡು, ಒಂದು ತೂತು ಎಳೆ, ಆಮೇಲೆ ಹತ್ತು. ಶನಿವಾರ ಶನಿವಾರ ಊರಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಇದನ್ನು ಬಾಯಿಪಾಠ ಮಾಡಿಸುವವಳು ನಾನೇ. ಜೀನು ಜಾರಿ ಸತ್ತವರು ನಮ್ಮ ಕಡೆ ಕಡಿಮೆಯೇನಲ್ಲ.

"ಕೂಗ್ತೀನಿ," ಎಂದೆ.

"ಕೂಗಿದ್ರೆ ಅವಳು ಹೊರಗೆ," ಎಂದ ಕ್ಲೆಮ್. ಅವನ ದನಿ ಬದಲಾಗಿತ್ತು. ಬೇಲಿಯ ಆಚೆಯಿಂದ ಸವಾರರಿಗೆ ಒಂದು ಮಾತು ಹೋದರೂ ಸವಾರ ಹೊರಗೆ, ಅದು ನಿಯಮ. ಹಿಂದಿನ ವರ್ಷ ಡಲ್ಸಿಯ ತಂಗಿ "ಹಿಮ್ಮಡಿ ಕೆಳಗೆ ಮಾಡೋ" ಎಂದದ್ದಕ್ಕೆ ಡಲ್ಸಿ ಸ್ವಂತ ತಂಗಿಯ ಮಗನನ್ನೇ ಕಳಿಸಿದ್ದಳು. ಅಕ್ಕತಂಗಿ ಇನ್ನೂ ಮಾತಾಡುವುದಿಲ್ಲ.

"ಹೊರಗೆ ಹೋಗ್ಲಿ ಬಿಡು."

"ಅದಲ್ಲ ಕಣೇ. ನೋಡಲ್ಲಿ."

ಟೆಸ್ಸಾ ಆಗಲೇ ಜೀನಿನ ಅಂಚು ಎತ್ತಿ ಹೆಗಲಿನ ಮೇಲೆ ಇಟ್ಟುಕೊಂಡಿದ್ದಳು. ಎರಡೂ ಕೈಯಲ್ಲಿ ಪಟ್ಟಿಯ ಬಾರು ಹಿಡಿದು ಎಳೆದಳು. ಒಂದು ತೂತು. ನಾನು ಕಲಿಸಿದ ಹಾಗೆಯೇ, ಜರ್ಕು ಹೊಡೆಯದೆ, ಮೃದುವಾಗಿ.

ಫ್ಲಿಂಟ್ ಕಲ್ಲಾಯಿತು.

ಬಾಲ ಎರಡು ತೊಡೆಗಳ ನಡುವೆ ಒತ್ತಿಕೊಂಡಿತು. ನೊಣ ಕಣ್ಣಿನ ಮೇಲೆ ಕೂತರೂ ರೆಪ್ಪೆ ಆಡಲಿಲ್ಲ. ಹೊಟ್ಟೆಯ ಪಕ್ಕದಲ್ಲಿ ಉಸಿರು ಏರಿ ಇಳಿಯಬೇಕಾದ ಜಾಗ ಏರಿದಲ್ಲೇ ನಿಂತಿತ್ತು. ಅಡುಗೆಮನೆಯ ಕಿಟಕಿಯಿಂದ ನಾನು ನೋಡಿದ್ದೂ ಇಂಥದ್ದೇ ಹೊಟ್ಟೆ.

"ಕೂಗಿದ್ರೆ ಸಿಡಿಯತ್ತೆ," ಎಂದ ಕ್ಲೆಮ್ ಪಿಸುಮಾತಿನಲ್ಲಿ. "ಅವಳು ಅದರ ಪಕ್ಕದಲ್ಲೇ ಇದಾಳೆ."

ನಾನು ಬೇಲಿಯ ಕೆಳಗಿನ ಕಂಬಿಯಡಿ ನುಸುಳಿದೆ.

ಓಡುವ ಹಾಗಿರಲಿಲ್ಲ. ಓಡುವ ಮನುಷ್ಯರನ್ನು ಕಂಡರೆ ಯಾವ ಕುದುರೆಯೂ ಸುಮ್ಮನಿರುವುದಿಲ್ಲ. ಬಟ್ಟೆ ಒಣಗಿಸಲು ಹೊರಟವಳ ಹಾಗೆ ಕೈ ಇಳಿಬಿಟ್ಟುಕೊಂಡು ನಡೆದೆ. ನಡೆಯುವುದು ಅಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಟೆಸ್ಸಾ ಕಾಲಿಡುವ ರಿಕಾಪಿನ ಉದ್ದ ಸರಿಮಾಡುತ್ತಿದ್ದಳು. ನೆವಿಲ್ ಕಾಲು ಉದ್ದ, ಇವಳದು ಗಿಡ್ಡ. ಇನ್ನೂ ಒಂದು ತೂತು, ಇನ್ನೂ ಒಂದು ತೂತು ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಅವಳು ಯಾವಾಗಲೂ ಚುರುಕು. ಮುಗಿಸಿಬಿಟ್ಟಳು.

ಎಡಗಾಲು ರಿಕಾಪಿಗೆ ಹೋಯಿತು.

"ಯಾರು ಒಳಗೆ ಬಂದಿದ್ದು?" ಡಲ್ಸಿ ಧ್ವನಿವರ್ಧಕ ಬಾಯಿಗೆತ್ತುತ್ತಿದ್ದಳು. ಮಿಸೆಸ್ ಓಲ್ಡ್‌ಫೀಲ್ಡ್ ಅವಳ ಕೈ ಹಿಡಿದು ಕೆಳಗಿಳಿಸಿದ್ದನ್ನು ಕಡೆಗಣ್ಣಲ್ಲಿ ಕಂಡೆ. ಆ ಹೆಂಗಸಿಗೆ ನನ್ನ ನಡಿಗೆಯಲ್ಲೇ ಏನೋ ಅರ್ಥವಾಗಿರಬೇಕು.

ಟೆಸ್ಸಾ ತಿರುಗಿದಳು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ರಿಕಾಪಿನಲ್ಲಿ, ಕೈಯಲ್ಲಿ ಕುದುರೆಯ ಜೂಲು.

"ಅಮ್ಮಾ." ಮುಖ ಕೆಂಪಾಗಿತ್ತು. "ಏನ್ ಮಾಡ್ತಿದೀಯ ನೀನು? ಹೊರಗೆ ಹೋಗು."

"ಕಾಲು ತೆಗಿ ಮಗಳೇ."

"ನನ್ನ ಹೊರಗೆ ಹಾಕ್ತಾರೆ."

"ಹಾಕ್ಲಿ. ಕಾಲು ತೆಗಿ. ನಿಧಾನ."

"ಮೂರು ವರ್ಷ ಅಮ್ಮಾ." ಅವಳ ಕಣ್ಣು ತುಂಬಿತ್ತು. "ಒಂದು ಸಲ ಸುಮ್ಮನಿರೋಕೆ ಆಗಲ್ವಾ ನಿನಗೆ? ಅಪ್ಪ ಬಿದ್ದಾಗಿಂದ ಎಲ್ಲದರಲ್ಲೂ ನಿನಗೆ ಸಾವೇ ಕಾಣೋದು."

ಅದು ನಿಜ. ಅವಳು ಹತ್ತಿಬಿಡುತ್ತಾಳೆ ಎಂದುಕೊಂಡೆ. ನನ್ನ ಮೇಲಿನ ಸಿಟ್ಟಿಗೇ ಹತ್ತಿಬಿಡುತ್ತಾಳೆ. ನೆಲದ ಮೇಲಿದ್ದ ಅವಳ ಹಿಮ್ಮಡಿ ಮೇಲೇಳುತ್ತಿತ್ತು.

"ಅದರ ಹೊಟ್ಟೆ ಮೇಲೆ ಕೈ ಇಡು," ಎಂದೆ. "ಅಷ್ಟು ಮಾಡು. ಆಮೇಲೆ ನಿನಗೆ ಬೇಕಾದ್ದು ಮಾಡ್ಕೊ."

ಅವಳು ಇಟ್ಟಳು. ಸೊಟ್ಟಕಾಲಿನ ಮರಿಗೆ ದಿನಾ ಪಟ್ಟಿ ಕಟ್ಟಿದ ಕೈ ಅದು, ಕುದುರೆಯ ಮೈ ಓದಲು ಬರುತ್ತಿತ್ತು. ಕಾದಳು. ಅವಳ ಮುಖದ ಕೆಂಪು ಮೊದಲು ಹಣೆಯಿಂದ ಇಳಿಯಿತು, ಆಮೇಲೆ ಕೆನ್ನೆಯಿಂದ.

"ಉಸಿರಾಡ್ತಿಲ್ಲ," ಎಂದಳು. ಅಷ್ಟು ಸಣ್ಣ ದನಿ ಅವಳದಾಗಿರಲಿಲ್ಲ.

"ಹೂಂ."

ಅವಳು ಕಾಲನ್ನು ರಿಕಾಪಿನಿಂದ ತೆಗೆದಳು. ಕಬ್ಬಿಣ ಕುದುರೆಯ ಪಕ್ಕೆಗೆ ತಾಗದ ಹಾಗೆ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು. ನಾನು ಅವಳ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆಗೆ ಎಳೆದುಕೊಂಡೆ. ಎಷ್ಟು ಬಿಗಿಯಾಗಿ ಎಂದರೆ ಹೊಲಿಗೆ ಬಿಟ್ಟಿತು.

ಲಗಾಮು ಈಗ ನೆವಿಲ್ ಕೈಯಲ್ಲಿತ್ತು. ಅವನು ಯಾವಾಗ ಬಂದನೋ ಕಾಣೆ. "ನಾನು ಹೇಳಿದ್ನಲ್ಲ ಹಾಗೇ ಹತ್ತು ಅಂತ," ಎಂದ. "ಹೇಳಿದ್ನಲ್ಲ ಮಗೂ. ನೀನ್ಯಾಕೆ ಎಳೆದೆ?"

"ನಡೆಸು ನೆವಿಲ್," ಎಂದೆ. "ಮೊದಲು ನಡೆಸು."

ಅವನಿಗೆ ಕೇಳಿಸಲಿಲ್ಲವೋ, ನಾಚಿಕೆಗೆ ಬುದ್ಧಿ ಓಡಲಿಲ್ಲವೋ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಮರ ಕಡಿಯುವ ಪಂದ್ಯದ ಜನ ಕೂಡ ಈ ಕಡೆ ಬಂದಿದ್ದರು. ನಡೆಸುವ ಬದಲು ಪಟ್ಟಿ ಸಡಿಲಿಸಲು ಜೀನಿನ ಅಂಚಿಗೆ ಕೈ ಹಾಕಿದ.

ಅಷ್ಟು ಸಾಕಾಯಿತು.

ಕುದುರೆ ಎದ್ದು ನಿಂತಿತು. ಬೂದು ಹೊಟ್ಟೆಯಷ್ಟೂ ನಮ್ಮ ಮೇಲೆ ಕಂಡಿತು, ಅದರಾಚೆ ಆಕಾಶ. ನೆವಿಲ್ ಬೇಲಿಯತ್ತ ಬಿದ್ದ. ಕುದುರೆ ಆ ಎತ್ತರದಲ್ಲಿ ಒಂದು ಗಳಿಗೆ ತೂಗಿ, ಹಿಂದಕ್ಕೆ, ತನ್ನ ಬೆನ್ನ ಮೇಲೆ ತಾನೇ ಬಿತ್ತು. ಜೀನಿನೊಳಗಿನ ಮರದ ಚೌಕಟ್ಟು ಮುರಿದ ಸದ್ದು ಕಣದ ಆಚೆಯವರೆಗೂ ಕೇಳಿತಂತೆ. ನನಗೆ ಅದು ಮರದ ಸದ್ದಿನಂತೆ ಕೇಳಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಫ್ಲಿಂಟ್ ಮಗ್ಗುಲು ಹೊರಳಿ ಎದ್ದು, ನಾಲ್ಕು ಕಾಲಿನ ಮೇಲೆ ನಡುಗುತ್ತ, ಬಾಯಿ ತೆರೆದು ಉಸಿರು ಬಿಟ್ಟಿತು. ಪಾಪದ ಪ್ರಾಣಿ. ತನಗೇನಾಯಿತೆಂದು ಅದಕ್ಕೂ ಗೊತ್ತಿರಲಿಲ್ಲ. ನೆವಿಲ್ ಬಿದ್ದಲ್ಲೇ ಕೂತಿದ್ದ.

"ಅಪ್ಪ ಹೇಳಿದ್ದ," ಎಂದ ನನ್ನನ್ನು ನೋಡದೆ. "ಸಾಯೋ ಮುಂಚೆ ಹೇಳಿದ್ದ. ನನ್ನ ಕೈಲಿ ಒಂದ್ ಸಲಾನೂ ಹೀಗೆ ಆಗಿಲ್ಲ ಬರ್ನಿ. ಸರಿ ಹೋಗಿದೆ ಅಂದ್ಕೊಂಡಿದ್ದೆ. ಹಾಗೇ ಹತ್ತು ಅಂದ್ರೆ ಸಾಕು ಅಂದ್ಕೊಂಡೆ."

ಬೈಯಬೇಕೆಂದಿದ್ದೆ. ಆದರೆ ಅವನು ಹೇಳಿದ್ದನ್ನು ನನ್ನ ಮಗಳು ಯಾಕೆ ಕೇಳಲಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಮಿಸೆಸ್ ಓಲ್ಡ್‌ಫೀಲ್ಡ್ ಟೆಸ್ಸಾಳ ಹತ್ತಿರ ಬಂದರು. "ನಿಯಮ ನಿಯಮವೇ ಮಗೂ," ಎಂದರು. "ಹೊರಗಿನವರು ಒಳಗೆ ಬಂದ್ರು, ನಿನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಗೊತ್ತು ಮಿಸೆಸ್ ಓಲ್ಡ್‌ಫೀಲ್ಡ್."

"ನಿಮ್ಮಮ್ಮನ ಮೇಲೆ ಸಿಟ್ಟಾ?"

"ನಾಳೆ ಹೇಳ್ತೀನಿ," ಎಂದಳು.

ನೀಲಿ ರಿಬ್ಬನ್ ಸಾಲಿನಲ್ಲಿ ಮೂರನೆಯವರಾಗಿದ್ದ ಶಾಲೆಯ ಮೇಷ್ಟ್ರಿಗೆ ಹೋಯಿತು. ಅವರ ಕುದುರೆ ಇಷ್ಟು ಗಲಾಟೆಯಲ್ಲೂ ಒಂದು ಕಾಲು ಮಡಚಿ ನಿದ್ದೆ ಮಾಡುತ್ತಿತ್ತು. ಸಿಡ್ನಿಯಲ್ಲೂ ಹೀಗೇ ನಿದ್ದೆ ಮಾಡಿದ್ರೆ ಜಿಲ್ಲೆಯ ಮಾನ ಹೋಗತ್ತೆ ಎಂದು ಡಲ್ಸಿ ಧ್ವನಿವರ್ಧಕದಲ್ಲೇ ಹೇಳಿದಳು. ಜನ ನಕ್ಕರು. ಅಷ್ಟು ಹೊತ್ತು ಉಸಿರು ಹಿಡಿದವರೆಲ್ಲ ಬೇಕಾದ್ದಕ್ಕಿಂತ ಜೋರಾಗಿಯೇ ನಕ್ಕರು.

ಬೇಲಿಯ ಹತ್ತಿರ ಕ್ಲೆಮ್ ನಿಂತಿದ್ದ. ಎರಡೂ ಕೈಯಲ್ಲಿ ಮೇಲಿನ ಕಂಬಿ ಹಿಡಿದಿದ್ದ. ಮುಖ ಬಿಳಿಚಿಕೊಂಡಿತ್ತು. ನಾನು ಹತ್ತಿರ ಹೋಗಿ ಕಂಬಿಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಹೊರಗಿಂದ ನೋಡೋಕೆ ಹೀಗಿರತ್ತಾ," ಎಂದ ಆಮೇಲೆ. "ನನಗೆ ಗೊತ್ತಿರಲಿಲ್ಲ ಬರ್ನಿ."

ನಮ್ಮ ಲಾರಿ ಮೈದಾನದ ಆ ತುದಿಯಲ್ಲಿತ್ತು. ಬಿಸ್ಕಿಟ್ಟನ್ನು ಅಲ್ಲಿಯವರೆಗೆ ಹತ್ತಿಕೊಂಡು ಹೋಗುವುದು ಟೆಸ್ಸಾಳ ರೂಢಿ. ಪಟ್ಟಿ ಎರಡು ತೂತು ಸಡಿಲವಿತ್ತು, ಅವಳೇ ಸಡಿಲಿಸಿದ್ದು. ಜೀನಿನ ಅಂಚು ಎತ್ತಿದಳು, ಬಾರು ಹಿಡಿದಳು, ಅಲ್ಲೇ ನಿಂತಳು.

"ಅಮ್ಮಾ," ಎಂದಳು. "ಎಳೀಲಾ?"

ಆರು ವರ್ಷದವಳಿದ್ದಾಗ ಕೇಳುತ್ತಿದ್ದ ಪ್ರಶ್ನೆ. ಬಿಸ್ಕಿಟ್ ಅವಳ ಜೇಬಿನಲ್ಲಿ ಏನಾದರೂ ತಿನ್ನುವುದಿದೆಯೇ ಎಂದು ಮೂತಿ ತೂರಿಸುತ್ತಿತ್ತು. ಬದುಕಿನಲ್ಲಿ ಒಮ್ಮೆಯೂ ಹಿಂಗಾಲು ಎತ್ತದ ಕುದುರೆ.

"ಎಳಿ," ಎಂದೆ. "ಆಮೇಲೆ ಸ್ವಲ್ಪ ನಡೆಸು."

ಅವಳು ಎಳೆದಳು. ನಡೆಸಿದಳು. ಕಾಲನ್ನು ರಿಕಾಪಿಗಿಟ್ಟು ನನ್ನ ಕಡೆ ನೋಡಿದಳು, ನಾನು ತಲೆಯಾಡಿಸಿದೆ. ಅವಳು ಮೇಲೆ ಹೋಗಿ ಕೂರುವವರೆಗೂ ಅವಳನ್ನು ನಾನು ನೋಡಲಿಲ್ಲ, ಕುದುರೆಯ ಹೊಟ್ಟೆಯನ್ನೇ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅವಳು ಲಾರಿಯ ಹತ್ತಿರ ಇಳಿಯುವವರೆಗೂ, ಅಷ್ಟು ದೂರದಿಂದ ಏನೂ ಕಾಣದಿದ್ದರೂ, ಅಲ್ಲಿಂದ ಕಣ್ಣು ತೆಗೆಯಲು ನನಗೆ ಆಗಲಿಲ್ಲ.